ಚೊಕೆಕಿರಾವ್‌ನಿಂದ ಮಾಚು ಪಿಚುವಿಗೆ ಕಾಲ್ನಡಿಗೆ: ಒಂಬತ್ತು ದಿನದ ಇಂಕಾ ಚಾರಣದ ಸಮಗ್ರ ಮಾರ್ಗದರ್ಶಿ

ಪೆರುವಿನಲ್ಲಿ ಚಾರಣ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ನಾಲ್ಕು ದಿನದ ‘ಇಂಕಾ ಟ್ರೇಲ್’. ಅದಕ್ಕೆ ದಿನಕ್ಕೆ 500 ಜನರ ಮಿತಿ ಇದೆ, ಆ 500ರಲ್ಲಿ ಹೊರೆಯಾಳುಗಳೂ ಅಡುಗೆಯವರೂ ಸೇರುತ್ತಾರೆ. ಪರವಾನಗಿ ಪಡೆದ ಕಂಪನಿಯ ಜೊತೆಯಲ್ಲದೆ ಕಾಲಿಡುವಂತಿಲ್ಲ, ಫೆಬ್ರವರಿ ತಿಂಗಳಿಡೀ ದಾರಿ ಮುಚ್ಚಿರುತ್ತದೆ, ಜೂನ್‌–ಜುಲೈನ ಜಾಗಗಳು ತಿಂಗಳುಗಟ್ಟಲೆ ಮೊದಲೇ ಭರ್ತಿಯಾಗುತ್ತವೆ. ಇಲ್ಲಿ ವಿವರಿಸುತ್ತಿರುವುದು ಅದಲ್ಲ. ವಿಲ್ಕಬಾಂಬಾ ಪರ್ವತಸಾಲನ್ನು ಅಡ್ಡ ದಾಟಿ ಚೊಕೆಕಿರಾವ್ ಎಂಬ ಇಂಕಾ ಪಟ್ಟಣದಿಂದ ಮಾಚು ಪಿಚುವಿಗೆ ಹೋಗುವ, ಸುಮಾರು ನೂರು ಕಿಲೋಮೀಟರಿನ ದಾರಿ. ಇದಕ್ಕೆ ಕೋಟಾ ಇಲ್ಲ, ಗೈಡ್ ಕಡ್ಡಾಯವಲ್ಲ. ಟೆಂಟ್ ಹೊತ್ತು ಸ್ವಂತವಾಗಿಯೂ ಹೋಗಬಹುದು, ಹೇಸರಗತ್ತೆ ಬಾಡಿಗೆಗೆ ಪಡೆದೂ ಹೋಗಬಹುದು.

ಈ ದಾರಿಯ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಆಂಡೀಸ್ ಎಂದ ಕೂಡಲೇ ಎಲ್ಲರೂ ಎತ್ತರಕ್ಕೆ, ಚಳಿಗೆ ತಯಾರಾಗುತ್ತಾರೆ. ಇಲ್ಲಿ ಜನ ಸೋಲುವುದು ಬೆಟ್ಟಸಾಲನ್ನು 4,600 ಮೀಟರಿಗೂ ಮೇಲೆ ದಾಟುವ ‘ಪಾಸ್’ನಲ್ಲಿ ಅಲ್ಲ, 1,500 ಮೀಟರಿನ ಅಪುರಿಮಾಕ್ ನದಿಯ ದಡದಲ್ಲಿ. ಮಟಮಟ ಮಧ್ಯಾಹ್ನ, ನೀರು ಮುಗಿದು, ಇಳಿದು ಇಳಿದು ಮಂಡಿ ನಡುಗುತ್ತಿರುವಾಗ, ಎದುರಿಗೆ 1,400 ಮೀಟರಿನ ಏರು ನಿಂತಿರುತ್ತದೆ. ಆದ್ದರಿಂದ ಯೋಜನೆಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಮಾಡಬೇಡಿ. ಹತ್ತು ಗಂಟೆಯಿಂದ ಮೂರು ಗಂಟೆಯವರೆಗೆ ಕಣಿವೆಯ ತಳದಲ್ಲಿ ಇರಬಾರದು ಎನ್ನುವುದನ್ನು ಮೊದಲು ಬರೆದುಕೊಂಡು, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಕೆಳಗಿನ ದಿನಚರಿ ಹಾಗೆಯೇ ಮಾಡಿದ್ದು.

ಯಾವಾಗ ಹೋಗಬೇಕು

ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಒಣಹವೆ. ಏಪ್ರಿಲ್ ಕೊನೆಯಲ್ಲಿ ಬೆಟ್ಟ ಇನ್ನೂ ಹಸಿರಾಗಿರುತ್ತದೆ, ಒಂದೆರಡು ಮಳೆಗೆ ಸಿದ್ಧರಿದ್ದರೆ ಅದೂ ಒಳ್ಳೆಯ ಕಾಲವೇ. ಜನವರಿಯಿಂದ ಮಾರ್ಚ್‌ವರೆಗೆ ಬೇಡ. ಆಗ ಗುಡ್ಡ ಜರಿಯುತ್ತದೆ, ಹಳ್ಳಗಳು ಉಕ್ಕುತ್ತವೆ, ಕಲ್ಲು ಉರುಳುತ್ತದೆ.

ದಕ್ಷಿಣ ಗೋಳಾರ್ಧದ ಎರಡು ಸಂಗತಿ ನಮ್ಮವರಿಗೆ ಎಡವಟ್ಟು ಮಾಡುತ್ತವೆ. ಒಂದು, ಜೂನ್–ಜುಲೈ ಅಲ್ಲಿ ಚಳಿಗಾಲ. ಸಂಜೆ ಆರಕ್ಕೆ ಮುಂಚೆಯೇ ಕತ್ತಲು, ಬೆಳಕು ಸಿಗುವುದು ಹನ್ನೊಂದೂವರೆ ಗಂಟೆಗೂ ತುಸು ಕಡಿಮೆ. ಇನ್ನೊಂದು, ಆ ತಿಂಗಳುಗಳಲ್ಲಿ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರು ದಿನವಿಡೀ ಬಿಸಿಲಿಗೆ ಕಾಯುತ್ತದೆ, ಮತ್ತು ಮೊದಲ ದಿನ ನೀವು ಇಳಿಯುವುದು ಅಂಥದ್ದೇ ಇಳಿಜಾರನ್ನು.

ಜೂನ್ 24ರ ಇಂತಿ ರಾಯ್ಮಿ ಹಬ್ಬದ ಆಸುಪಾಸಿನಲ್ಲಿ, ಚಾರಣಕ್ಕೆ ಹೊರಡುವ ಊರಾದ ಕುಸ್ಕೊ ತುಂಬಿ ತುಳುಕುತ್ತದೆ. ಜುಲೈ 28–29 ಪೆರುವಿನ ರಾಷ್ಟ್ರೀಯ ದಿನ, ಆ ವಾರ ಬಸ್ಸಿನಲ್ಲಿ ಜಾಗ ಸಿಗುವುದು ಕಷ್ಟ.

ಭಾರತದಿಂದ ಹೊರಡುವವರ ಕಾಗದಪತ್ರ

ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಪೆರು ವೀಸಾ ಬೇಕು. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ವೀಸಾ ಕನಿಷ್ಠ ಆರು ತಿಂಗಳ ಅವಧಿಯೊಂದಿಗೆ ಇದ್ದರೆ, ಅಥವಾ ಅಲ್ಲಿನ ಕಾಯಂ ವಾಸದ ಪತ್ರವಿದ್ದರೆ ವಿನಾಯಿತಿ ಉಂಟು. ಟಿಕೆಟ್ ಕೊಳ್ಳುವ ಮುನ್ನ ರಾಯಭಾರ ಕಚೇರಿಯ ಈಗಿನ ನಿಯಮ ನೋಡಿಕೊಳ್ಳಿ.

ಹಳದಿ ಜ್ವರದ ಲಸಿಕೆ ಮಾತ್ರ ಮರೆಯಬೇಡಿ. ಈ ದಾರಿಗೆ ಆ ಲಸಿಕೆ ಏಕೆ ಎಂದು ಹಲವರು ಬಿಟ್ಟುಬಿಡುತ್ತಾರೆ. ಪೆರು ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಆರು ದಿನದೊಳಗೆ ಭಾರತಕ್ಕೆ ಬಂದವರ ಬಳಿ ಲಸಿಕೆ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸುವ ಅಧಿಕಾರ ಇಲ್ಲಿನ ಆರೋಗ್ಯ ಇಲಾಖೆಗಿದೆ. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ ಹತ್ತು ದಿನದ ನಂತರ. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ನಿಗದಿತ ದಿನಗಳಲ್ಲಿ ಮಾತ್ರ. ತಿಂಗಳ ಮೊದಲೇ ಮುಗಿಸಿಡಿ.

ವಿಮೆಯ ಪತ್ರದಲ್ಲಿ ಸಣ್ಣಕ್ಷರ ಓದಿ. ಎಷ್ಟೋ ಪಾಲಿಸಿಗಳು ಚಾರಣವನ್ನು 4,000 ಅಥವಾ 4,500 ಮೀಟರಿಗೆ ನಿಲ್ಲಿಸುತ್ತವೆ. ಏಳನೆಯ ದಿನದ ಪಾಸ್ 4,600 ದಾಟುತ್ತದೆ.

ಮಾಚು ಪಿಚು ಟಿಕೆಟ್ಟನ್ನು ಪೆರು ಸಂಸ್ಕೃತಿ ಸಚಿವಾಲಯದ ಅಧಿಕೃತ ತಾಣದಲ್ಲಿ ಮೊದಲೇ ಕೊಳ್ಳಬೇಕು. ದಿನಾಂಕ, ಗಂಟೆ, ನಡೆಯುವ ಸರ್ಕ್ಯೂಟ್ ಮೂರೂ ಟಿಕೆಟ್‌ನಲ್ಲಿ ನಮೂದಾಗಿರುತ್ತವೆ. ಮೊದಲ ಸಲ ಹೋಗುವವರಿಗೆ ಎರಡನೆಯ ಸರ್ಕ್ಯೂಟ್ ಸರಿ, ಮೇಲಿನ ನೋಟವೂ ಕಟ್ಟಡಗಳ ಒಳಸುತ್ತೂ ಎರಡೂ ಅದರಲ್ಲಿವೆ. ದಿನಾಂಕ ಆರಿಸುವಾಗ ಚಾರಣದ ಲೆಕ್ಕಕ್ಕೆ ಒಂದು ದಿನ ಹೆಚ್ಚಿಗೆ ಸೇರಿಸಿ. ದಾರಿಯಲ್ಲಿ ಹೊಟ್ಟೆ ಕೆಟ್ಟು ಒಂದು ದಿನ ಹೋದರೆ ಟಿಕೆಟ್ ಹೋದಂತೆಯೇ. ಚೊಕೆಕಿರಾವ್‌ಗೆ ಮುಂಗಡ ಬೇಡ. ಎರಡನೆಯ ರಾತ್ರಿ ತಂಗುವ ಮರಂಪಾಟಾ ದಾಟಿದ ಮೇಲಿನ ಗೇಟಿನಲ್ಲಿ ನಗದು ಕೊಟ್ಟರಾಯಿತು, ವಿದೇಶಿಯರಿಗೆ 60 ಸೋಲ್ (ಪೆರುವಿನ ಹಣ). ಹೊರಡುವ ಮುನ್ನ ಕುಸ್ಕೊದಲ್ಲಿ ಈಗಿನ ದರ ಕೇಳಿಕೊಳ್ಳಿ.

ಮೈ ಹದ ಮಾಡಿಕೊಳ್ಳುವುದು

ಈ ದಾರಿಗೆ ಬೇಕಾದದ್ದು ಇಳಿಯುವ ತಾಕತ್ತು. ಜಿಮ್ಮಿನ ಟ್ರೆಡ್‌ಮಿಲ್ ಇಳಿಯುವುದನ್ನು ಕಲಿಸುವುದಿಲ್ಲ. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಅಭ್ಯಾಸ ಕುಮಾರಪರ್ವತ: ಕುಕ್ಕೆಯಿಂದ ಶಿಖರಕ್ಕೆ ಏರಿಕೆ 1,500 ಮೀಟರಿಗೂ ಹೆಚ್ಚು, ಅಂದರೆ ಅಪುರಿಮಾಕ್ ದಡದಿಂದ ಮರಂಪಾಟಾದವರೆಗಿನ ಏರಿಗಿಂತ ತುಸು ಜಾಸ್ತಿಯೇ. ಹತ್ತು ಕಿಲೋ ಹೊತ್ತು ಹತ್ತಿ ಇಳಿದ ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ತೊಡೆ ಹೇಗಿದೆ ನೋಡಿಕೊಳ್ಳಿ. ಗೋಡೆ ಹಿಡಿದು ಇಳಿಯುವಂತಿದ್ದರೆ ಇನ್ನೂ ಎರಡು ತಿಂಗಳ ಕೆಲಸ ಬಾಕಿ ಇದೆ. ಬೇಸಿಗೆಯಲ್ಲಿ ಅರಣ್ಯ ಇಲಾಖೆ ಆ ದಾರಿ ಮುಚ್ಚುವುದರಿಂದ ಮೇ ತಿಂಗಳ ಪ್ರಯಾಣಕ್ಕೆ ಚಳಿಗಾಲದಲ್ಲೇ ಅಭ್ಯಾಸ ಮುಗಿಸಬೇಕು. ಮೈಸೂರಿನವರಿಗೆ ಚಾಮುಂಡಿಯ ಸಾವಿರ ಮೆಟ್ಟಿಲು ಇದೆ; ಹೊರೆ ಹೊತ್ತು ಎರಡು ಸುತ್ತು, ಇಳಿಯುವಾಗ ನಿಧಾನ.

ಕುಸ್ಕೊ 3,400 ಮೀಟರ್ ಎತ್ತರದಲ್ಲಿದೆ, ವಿಮಾನ ಇಳಿದ ದಿನ ತಲೆ ಭಾರವಾಗುವುದು ಸಹಜ. ಎರಡರಿಂದ ಮೂರು ದಿನ ಅಲ್ಲಿಯೇ ಇರಿ, ಅಥವಾ ನೇರ 2,800 ಮೀಟರಿನ ಒಯಾಂತಾಯ್ಟಂಬೊಗೆ ಇಳಿದು ಮಲಗಿ. ಮೊದಲೆರಡು ದಿನ ಮದ್ಯ ಬೇಡ, ಹೊಟ್ಟೆ ಬಿರಿಯೆ ಊಟ ಬೇಡ. ಎತ್ತರದ ತೊಂದರೆಗೆ ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂಬುದನ್ನು ಊರಿನಲ್ಲೇ ವೈದ್ಯರ ಬಳಿ ಕೇಳಿ. ಸಲ್ಫಾ ಔಷಧಿ ಒಗ್ಗದವರು ಇದನ್ನು ತಪ್ಪದೆ ಹೇಳಬೇಕು. ಚಾರಣದ ರಾತ್ರಿಗಳು ಹೆಚ್ಚಿನವು 3,500 ಮೀಟರಿಗಿಂತ ಕೆಳಗೇ ಬರುವುದರಿಂದ, ಕುಸ್ಕೊದಲ್ಲಿ ಚೆನ್ನಾಗಿ ನಿದ್ದೆ ಬಂದವರಿಗೆ ಮುಂದೆ ಸಾಮಾನ್ಯವಾಗಿ ತೊಂದರೆಯಾಗದು.

ಏನು ಹೊರಬೇಕು, ಎಷ್ಟು

ಸ್ವಂತ ಹೊರೆಯಾದರೆ ನೀರು ಬಿಟ್ಟು 12 ಕಿಲೋ ಮೀರಬಾರದು. ಹೇಸರಗತ್ತೆ ಮಾಡಿದರೆ ಬೆನ್ನಿಗೆ ಐದು ಕಿಲೋ ಸಾಕು.

ಟೆಂಟ್ ಇಬ್ಬರಿಗೆ ಒಂದು, ಎರಡು ಕಿಲೋ ಒಳಗೆ. ಮಲಗುವ ಚೀಲ ಮೈನಸ್ ಐದು ಡಿಗ್ರಿಗೆ ಬೆಚ್ಚಗಿರಬೇಕು. ಎತ್ತರದ ತಂಗುದಾಣಗಳಾದ ಯನಾಮಾದಲ್ಲಿ ಮತ್ತು ತೊತೋರಾದಲ್ಲಿ ಅದರ ಬೆಲೆ ಗೊತ್ತಾಗುತ್ತದೆ, ಕಣಿವೆಯೊಳಗಿನ ಚಿಕಿಸ್ಕಾದಲ್ಲಿ ಅದೇ ಚೀಲವನ್ನು ಹೊದೆಯಲೂ ಆಗದಷ್ಟು ಸೆಕೆ. ನಡೆಗೋಲು ಎರಡು, ತುದಿಗೆ ರಬ್ಬರ್ ಸಮೇತ. ಕಲ್ಲು ಕಟ್ಟಡದ ಆವರಣದಲ್ಲಿ ಬರಿ ಲೋಹದ ತುದಿಗೆ ಅವಕಾಶವಿಲ್ಲ. ಶೂ ಅರ್ಧ ಸೈಜು ದೊಡ್ಡದಿರಲಿ, ಹೊರಡುವ ಹಿಂದಿನ ದಿನ ಕಾಲುಗುರು ಕತ್ತರಿಸಿ. ಸಾವಿರ ಮೀಟರ್ ಇಳಿಯುವಾಗ ಹೆಬ್ಬೆರಳು ಶೂವಿನ ಮೂತಿಗೆ ಬಡಿದು ಬಡಿದು ಉಗುರು ಕಪ್ಪಾಗಿ ಕಳಚುವುದು ಈ ದಾರಿಯ ಅತಿ ಸಾಮಾನ್ಯ ಗಾಯ.

ಉದ್ದ ತೋಳಿನ ಹಗುರ ಅಂಗಿ ಮತ್ತು ಉದ್ದ ಪ್ಯಾಂಟು ಬೇಕೇ ಬೇಕು. ಬಿಸಿಲು ಒಂದು ಕಾರಣ, ನೊಣ ಇನ್ನೊಂದು. ನದಿದಡದಲ್ಲಿ ಸ್ಥಳೀಯರು ‘ಪುಮಾ ವಕಾಚಿ’ ಎನ್ನುವ ಸಾಸಿವೆ ಕಾಳಿನಷ್ಟು ಚಿಕ್ಕ ನೊಣವಿದೆ. ಕಚ್ಚಿದಾಗ ತಿಳಿಯುವುದಿಲ್ಲ. ಅರ್ಧ ಗಂಟೆಯ ಮೇಲೆ ನೋಡಿದರೆ ಚರ್ಮದ ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆ, ಆಮೇಲೆ ವಾರವಿಡೀ ತುರಿಕೆ. ಚಡ್ಡಿ ಹಾಕಿ ಬಂದವರ ಮೀನಖಂಡ ಎರಡೇ ದಿನದಲ್ಲಿ ದದ್ದು ತುಂಬಿಕೊಳ್ಳುತ್ತದೆ. ಕೀಟ ಓಡಿಸುವ, ಡೀಟ್ ಇರುವ ಮುಲಾಮನ್ನು ಪಾದದ ಗಿಣ್ಣಿಗೂ ಕಿವಿಯ ಹಿಂದಕ್ಕೂ ಹಚ್ಚಿ.

ನೀರಿಗೆ ತಲಾ ಮೂರು ಲೀಟರ್ ಹಿಡಿಸುವಷ್ಟು ಬಾಟಲಿ. ಕ್ಲೋರಿನ್ ಮಾತ್ರೆ ಅಥವಾ ಫಿಲ್ಟರ್ ಎರಡರಲ್ಲಿ ಒಂದು. ಫಿಲ್ಟರ್ ಆದರೆ ಮಣ್ಣು ನೀರನ್ನು ಒಂದು ಗಂಟೆ ತಿಳಿಯಾಗಲು ಬಿಟ್ಟು ಆಮೇಲೆ ಸೋಸಿ, ಇಲ್ಲದಿದ್ದರೆ ಮೂರನೇ ದಿನಕ್ಕೆ ಕಟ್ಟಿಕೊಳ್ಳುತ್ತದೆ. ಓಆರ್‌ಎಸ್ ಪೊಟ್ಟಣ ತಲಾ ಹತ್ತು. ಕಣಿವೆಯಲ್ಲಿ ಬರಿ ನೀರು ಕುಡಿಯುತ್ತಾ ಹೋದರೆ ಸಂಜೆಗೆ ಕಾಲು ಸೆಟೆಯುತ್ತದೆ.

ಸಣ್ಣ ನೋಟುಗಳು: 10 ಮತ್ತು 20 ಸೋಲ್. ಕುಸ್ಕೊದಲ್ಲೇ ಹಣ ತೆಗೆದುಕೊಳ್ಳಿ, ದಾರಿಯಲ್ಲಿ ಎಟಿಎಂ ನಂಬಬೇಡಿ. ಅಂಚು ಹರಿದ ನೋಟನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಮರಂಪಾಟಾ, ಮೈಸಾಲ್, ಯನಾಮಾ, ತೊತೋರಾ, ಲುಕ್ಮಬಾಂಬಾಗಳಲ್ಲಿ ಮನೆಯವರು ಊಟ ಹಾಕುತ್ತಾರೆ. ಸಾಮಾನ್ಯವಾಗಿ ಸೂಪು, ಅನ್ನ, ಆಲೂಗಡ್ಡೆ, ಮೇಲೆ ಒಂದು ಮೊಟ್ಟೆ. ‘ಸಿನ್ ಕಾರ್ನೆ’ (ಮಾಂಸವಿಲ್ಲದೆ) ಎಂದಷ್ಟೇ ಹೇಳಿದರೆ ಕೋಳಿ ಬರುತ್ತದೆ. ಅಲ್ಲಿ ಕಾರ್ನೆ ಎಂದರೆ ದನದ್ದೋ ಕುರಿಯದೋ ಮಾಂಸ ಎಂದೇ ಲೆಕ್ಕ. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ’ ಎಂದು ಮಾಂಸ, ಕೋಳಿ, ಮೀನು ಮೂರನ್ನೂ ಬಿಡಿಸಿ ಹೇಳಿ. ಸೂಪಿಗೆ ಕೋಳಿಯ ಸಾರು ಬಳಸಿರುವ ಸಾಧ್ಯತೆ ಹೆಚ್ಚು, ಕಟ್ಟುನಿಟ್ಟಿನವರು ಸೂಪು ಬಿಟ್ಟು ಅನ್ನ–ಆಲೂಗಡ್ಡೆ ಕೇಳುವುದು ಲೇಸು.

ಹಳ್ಳಿಮನೆಯ ದಾಸ್ತಾನು ಮುಗಿದಿರಬಹುದು, ಯಜಮಾನರು ಹೊಲಕ್ಕೆ ಹೋಗಿರಬಹುದು. ಹಾಗಾಗಿ ಕನಿಷ್ಠ ನಾಲ್ಕು ದಿನದ ಆಹಾರ ಚೀಲದಲ್ಲಿರಲಿ, ತಲಾ ದಿನಕ್ಕೆ 600–700 ಗ್ರಾಂ ಒಣ ತೂಕ. ತೊಗರಿಬೇಳೆ ಒಯ್ಯಬೇಡಿ. 3,500 ಮೀಟರಿನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ, ಗ್ಯಾಸ್ ಮಾತ್ರ ಖಾಲಿಯಾಗುತ್ತದೆ. ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಪುಳಿಯೋಗರೆ ಪುಡಿ ಊರಿನಿಂದ ಒಯ್ಯಬಹುದು. ಕಾರ್ಖಾನೆಯ ಮೊಹರಿನ ಪೊಟ್ಟಣವೇ ಇರಲಿ, ಲಿಮಾದಲ್ಲಿ ಘೋಷಿಸಿ. ಹಣ್ಣು, ಕಾಳು, ಬೀಜ ಬೇಡ.

ಉಳಿದದ್ದನ್ನು ಕುಸ್ಕೊದ ಸಾನ್ ಪೆದ್ರೊ ಮಾರುಕಟ್ಟೆಯಲ್ಲಿ ಕೊಳ್ಳಿ. ಕ್ವಿನೊವಾ ಅವಲಕ್ಕಿಯಂತೆ ಚಪ್ಪಟೆ ಮಾಡಿದ್ದು ಸಿಗುತ್ತದೆ, ಐದು ನಿಮಿಷಕ್ಕೆ ಬೇಯುತ್ತದೆ. ‘ಚಂಕಾಕಾ’ ಎಂದು ಕೇಳಿದರೆ ಅಚ್ಚುಬೆಲ್ಲವನ್ನೇ ಕೊಡುತ್ತಾರೆ. ಹುರಿದ ಜೋಳ ‘ಕಾಂಚಾ’ ದಾರಿಯ ತಿಂಡಿಗೆ. ಎಲ್ಲಕ್ಕಿಂತ ಉಪಯೋಗಿ ‘ಕಞಿವಾಕೊ’: ಕಞಿವಾ ಎಂಬ ಎತ್ತರದ ಧಾನ್ಯವನ್ನು ಹುರಿದು ಬೀಸಿದ ಪುಡಿ. ನಮ್ಮ ಹುರಿಹಿಟ್ಟಿನಂತೆಯೇ ಬೆಲ್ಲ, ನೀರು ಹಾಕಿ ಕಲಸಿ ತಿಂದುಬಿಡಬಹುದು, ಒಲೆ ಹಚ್ಚುವ ಕೆಲಸವಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಹೊರಡುವ ದಿನಗಳಿಗೆ ಇದಕ್ಕಿಂತ ಒಳ್ಳೆಯ ತಿಂಡಿ ಬೇರೆ ಇಲ್ಲ.

ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಕುಸ್ಕೊದ ಚಾರಣದ ಅಂಗಡಿಗಳಲ್ಲಿ ತಿರುಪಿನ ಡಬ್ಬಿ ಸಿಗುತ್ತದೆ. ಇಬ್ಬರಿಗೆ, ರಾತ್ರಿಯೂಟ ಮನೆಗಳಲ್ಲಾದರೆ 230 ಗ್ರಾಮಿನವು ಎರಡು, ಎಲ್ಲವನ್ನೂ ನೀವೇ ಬೇಯಿಸಿಕೊಳ್ಳುವುದಾದರೆ ಮೂರು. ಕೊಳ್ಳುವಾಗ ಅಲುಗಾಡಿಸಿ ನೋಡಿ, ಬಳಸಿದ ಡಬ್ಬಿಯನ್ನು ಮತ್ತೆ ತುಂಬಿಸಿ ಮಾರುವುದೂ ಉಂಟು.

ಹೇಸರಗತ್ತೆ ಮತ್ತು ಅರಿಯೆರೊ

ಚಾರಣ ಶುರುವಾಗುವ ಕಡೆಯ ಕಚೋರಾ ಊರಿನಲ್ಲಿ ಉಳಿದುಕೊಳ್ಳುವ ಮನೆಯವರನ್ನು ಕೇಳಿದರೆ ಹೇಸರಗತ್ತೆ ನಡೆಸುವ ಅರಿಯೆರೊ ಸಿಗುತ್ತಾರೆ. ಬಾಡಿಗೆ ಮಾತಾಡುವಾಗ ನಾಲ್ಕು ವಿಷಯ ಇತ್ಯರ್ಥ ಮಾಡಿಕೊಳ್ಳಿ: ದಿನಕ್ಕೆ ಅವರ ಕೂಲಿ, ಪ್ರತಿ ಪ್ರಾಣಿಗೆ ಬೇರೆ ದರ, ಅವರು ವಾಪಸು ನಡೆದು ಬರುವ ದಿನಗಳ ಹಣ, ಅವರ ಊಟ ಯಾರದು. ಮೂರನೆಯದನ್ನು ಮಾತಾಡದೆ ಹೊರಟವರು ಯನಾಮಾದಲ್ಲಿ ಜಗಳ ಮಾಡಿಕೊಳ್ಳುತ್ತಾರೆ, ಮತ್ತು ತಪ್ಪು ಸಾಮಾನ್ಯವಾಗಿ ಪ್ರವಾಸಿಯದೇ. ಯನಾಮಾದಿಂದ ಕಚೋರಾಕ್ಕೆ ಅವರು ಮತ್ತೆ ಅದೇ ಕಣಿವೆಗಳನ್ನು ಹತ್ತಿ ಇಳಿಯಬೇಕು.

ಎದುರಿನಿಂದ ಹೇಸರಗತ್ತೆಗಳ ಸಾಲು ಬಂದರೆ ಬೆಟ್ಟದ ಗೋಡೆಯ ಕಡೆ ಒತ್ತಿ ನಿಲ್ಲಿ. ಪ್ರಪಾತದ ಕಡೆ ನಿಂತರೆ ಹೊರೆಯ ಮೂಲೆ ತಾಗಿದರೂ ಸಾಕು. ಇದು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಫೋಟೋ ತೆಗೆಯುವ ಭರದಲ್ಲಿ ಹೊರಗಿನ ಅಂಚಿಗೇ ಹೋಗಿ ನಿಲ್ಲುತ್ತಾರೆ.

ದಾರಿ, ದಿನದಿಂದ ದಿನಕ್ಕೆ

ಮೊದಲ ದಿನ: ಕುಸ್ಕೊ, ಕಪುಲಿಯೋಕ್, ಚಿಕಿಸ್ಕಾ. ಕುಸ್ಕೊದಿಂದ ಅಬಂಕಾಯ್ ಕಡೆಯ ಬಸ್ಸು ಹಿಡಿದು ಕಚೋರಾ ಕವಲಿನಲ್ಲಿ ಇಳಿಯಿರಿ. ‘ರಮಾಲ್ ದೆ ಕಚೋರಾ’ ಎಂದು ಚಾಲಕನಿಗೆ ಹತ್ತುವಾಗಲೇ ಹೇಳಿಡಿ. ಸುಮಾರು ನಾಲ್ಕು ಗಂಟೆ. ಕವಲಿನ ಆಸುಪಾಸಿನಲ್ಲೇ ಸಾಯ್ವಿತೆ ಬಂಡೆಯಿದೆ: ಒಂದೇ ಕಲ್ಲಿನ ಮೈಮೇಲೆ ಕಾಲುವೆ, ಮೆಟ್ಟಿಲು, ಪ್ರಾಣಿಗಳನ್ನು ಕೆತ್ತಿದ ಇಂಕಾ ಕೆಲಸ. ಸಮಯವಿದ್ದರೆ ಒಂದು ಗಂಟೆ ಕೊಡಿ. ಕವಲಿನಿಂದ ಟ್ಯಾಕ್ಸಿಯಲ್ಲಿ ಕಚೋರಾ, ಅಲ್ಲಿಂದ ಇನ್ನೂ ಮುಂದೆ ರಸ್ತೆ ಮುಗಿಯುವ ಕಪುಲಿಯೋಕ್‌ವರೆಗೆ (ಸುಮಾರು 2,900 ಮೀಟರ್) ವಾಹನ ಹೋಗುತ್ತದೆ. ಕಚೋರಾದಿಂದಲೇ ನಡೆಯುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ, ಧೂಳು ರಸ್ತೆ.

ಕಪುಲಿಯೋಕ್‌ನಿಂದ ಚಿಕಿಸ್ಕಾಕ್ಕೆ ಸಾವಿರ ಮೀಟರ್ ಇಳಿತ, ಎರಡೂವರೆಯಿಂದ ಮೂರು ಗಂಟೆ. ಇದು ಉತ್ತರಕ್ಕೆ ಮುಖಮಾಡಿದ ಆ ಇಳಿಜಾರು. ಮರದ ನೆರಳು ಕಡಿಮೆ, ನೀರಿನ ಭರವಸೆ ಇಲ್ಲ. ಬೆಳಿಗ್ಗೆ ಕುಸ್ಕೊ ಬಿಟ್ಟವರು ಇಲ್ಲಿಗೆ ಬರುವುದೇ ನಡುಮಧ್ಯಾಹ್ನಕ್ಕೆ. ಕೂಡಲೇ ಇಳಿಯಬೇಡಿ, ಮೇಲೆ ಕೂತು ಮೂರು ಗಂಟೆಗೆ ಹೊರಟು ಕತ್ತಲಾಗುವ ಮುನ್ನ ತಲುಪಿ, ಅಥವಾ ಅಲ್ಲೇ ಮಲಗಿ ನಸುಕಿಗೆ ಇಳಿಯಿರಿ. ಮೂರು ಲೀಟರ್ ನೀರು ತುಂಬಿಕೊಂಡೇ ಹೊರಡಿ. ತಿರುವುಗಳಲ್ಲಿ ಸಣ್ಣ ಜಲ್ಲಿ ಜಾರುತ್ತದೆ, ಕೋಲನ್ನು ಹತ್ತು ಸೆಂಟಿಮೀಟರ್ ಉದ್ದ ಮಾಡಿ, ಹೆಜ್ಜೆ ಚಿಕ್ಕದಿಡಿ.

ಎರಡನೆಯ ದಿನ: ಚಿಕಿಸ್ಕಾದಿಂದ ಮರಂಪಾಟಾ. ಇಡೀ ಚಾರಣದ ಅತಿ ಕಠಿಣ ದಿನ ಇದೇ. ನಾಲ್ಕಕ್ಕೆ ತಲೆದೀಪ ಹಚ್ಚಿ ಹೊರಡಿ. ಒಂದು ಗಂಟೆಯಲ್ಲಿ ಪ್ಲಾಯಾ ರೊಸಲಿನಾ, ಅಪುರಿಮಾಕ್ ಮೇಲಿನ ಸೇತುವೆ, 1,500 ಮೀಟರ್. ಇಲ್ಲಿ ನಿಂತು ಕೈಕಾಲು ತೊಳೆಯುವ ಆಸೆ ಬೇಡ, ನೊಣ ಕಾಯುತ್ತಿರುತ್ತದೆ. ಸೇತುವೆ ದಾಟಿದ ಕೂಡಲೇ ಏರು: ಸಾಂತಾ ರೋಸಾಕ್ಕೆ 600 ಮೀಟರ್, ಅಲ್ಲಿಂದ ಮರಂಪಾಟಾಕ್ಕೆ ಮತ್ತೆ 800. ಸಾಂತಾ ರೋಸಾದಲ್ಲಿ ನೀರು, ಚಹಾ, ಪಾನೀಯ ಸಿಗುತ್ತದೆ. ಏಳೂವರೆಗೆ ಅಲ್ಲಿದ್ದರೆ ಹನ್ನೊಂದರೊಳಗೆ ಮೇಲಿರುತ್ತೀರಿ. ಮಾತಾಡಿಕೊಂಡು ಹತ್ತುವಷ್ಟು ನಿಧಾನವೇ ಸರಿಯಾದ ವೇಗ. ಏದುಸಿರು ಬಂದರೆ ಆಗಲೇ ಹೆಚ್ಚಾಯಿತು ಎಂದರ್ಥ.

ಯಾರಿಗಾದರೂ ಬೆವರು ನಿಂತು ಚರ್ಮ ಬಿಸಿಯಾಗಿ, ಮಾತು ತೊದಲಿದರೆ ಅದು ಬಿಸಿಲಿನ ಆಘಾತ. ನೆರಳಿಗೆ ಕರೆದೊಯ್ದು, ಅಂಗಿ ಒದ್ದೆ ಮಾಡಿ ಬೀಸಿ. ಆ ದಿನ ಹತ್ತುವುದು ಮುಗಿಯಿತು ಎಂದು ತಿಳಿಯಿರಿ, ಹೇಸರಗತ್ತೆಗೆ ಹೇಳಿಕಳಿಸಿ.

ಮೂರನೆಯ ದಿನ: ಚೊಕೆಕಿರಾವ್. ಮರಂಪಾಟಾದಿಂದ ಎರಡು ಗಂಟೆಯೊಳಗಿನ ನಡಿಗೆ. ಇಡೀ ದಿನ ಇಲ್ಲಿಗೇ ಮೀಸಲಿಡಿ. ‘ಮಧ್ಯಾಹ್ನಕ್ಕೆ ನೋಡಿ ಮುಂದೆ ಹೊರಡೋಣ’ ಎನ್ನುವವರು ಎರಡು ದಿನ ಬೆವರು ಸುರಿಸಿ ಬಂದದ್ದು ಯಾತಕ್ಕೆ ಎಂದೇ ಅರ್ಥವಾಗುವುದಿಲ್ಲ. ಹದಿನೈದನೆಯ ಶತಮಾನದ ಈ ಪಟ್ಟಣದ ಬಹುಭಾಗ ಇನ್ನೂ ಕಾಡಿನೊಳಗೇ ಇದೆ. ಹೈರಮ್ ಬಿಂಗಮ್ 1909ರಲ್ಲಿ ಇಲ್ಲಿಗೆ ಬಂದ. ಮಾಚು ಪಿಚು ನೋಡಿದ್ದು ಎರಡು ವರ್ಷದ ನಂತರ.

ನೋಡುವ ಕ್ರಮ ಹೀಗಿರಲಿ. ಬೆಳಿಗ್ಗೆ ಮುಖ್ಯ ಚೌಕ ಮತ್ತು ಮೇಲಿನ ಚೌಕ, ಅವೆರಡರ ನಡುವಿನ ಕಾಲುವೆ. ಆಮೇಲೆ ಎದುರಿನ ಗುಡ್ಡದ ನೆತ್ತಿ: ಅದನ್ನು ಕಡಿದು ಸಮತಟ್ಟು ಮಾಡಿ ವೇದಿಕೆ ಮಾಡಿದ್ದಾರೆ, ಮೂರೂ ಕಡೆ ಪ್ರಪಾತ, ಕೆಳಗೆ ಅಪುರಿಮಾಕ್ ಬೆಳ್ಳಿಯ ಎಳೆ. ಮಧ್ಯಾಹ್ನದ ಮೇಲೆ ಲಾಮಾಗಳ (ಆಂಡೀಸ್‌ನ ಹೊರೆಪ್ರಾಣಿ) ಮೆಟ್ಟಿಲುಗದ್ದೆ. ಚೌಕದ ಹಿಂಬದಿಯಿಂದ ಕಡಿದಾಗಿ ಇಳಿಯಬೇಕು, ಹೋಗಿಬರಲು ಎರಡು ಗಂಟೆ. ಕಪ್ಪು–ಬೂದು ಪದರಗಲ್ಲಿನ ಗೋಡೆಯೊಳಗೆ ಬಿಳಿ ಕಲ್ಲು ಕೂರಿಸಿ ಲಾಮಾಗಳ ಹಿಂಡನ್ನೇ ಬಿಡಿಸಿದ್ದಾರೆ, ಇಪ್ಪತ್ತಕ್ಕೂ ಹೆಚ್ಚು. ಗೋಡೆಗೆ ತೀರ ಹತ್ತಿರ ನಿಂತರೆ ಬರೀ ಬಿಳಿ ಕಲ್ಲುಗಳಾಗಿ ಕಾಣುತ್ತವೆ. ಎದುರಿಗೆ ಕಟ್ಟಿರುವ ನೋಟದ ಕಟ್ಟೆಗೆ ಹೋಗಿ ತಿರುಗಿದರೆ ಕತ್ತು, ಕಾಲು, ಮರಿ ಎಲ್ಲ ಗುರುತಾಗುತ್ತವೆ. ಕುಸ್ಕೊದ ನಯವಾದ ಕಲ್ಲುಜೋಡಣೆಯನ್ನು ಇಲ್ಲಿ ಹುಡುಕಬೇಡಿ. ಈ ಬೆಟ್ಟದ ಕಲ್ಲು ಹಾಳೆಹಾಳೆಯಾಗಿ ಒಡೆಯುವಂಥದ್ದು, ಹಾಗಾಗಿ ಮಣ್ಣಿನ ಗಾರೆಯಲ್ಲಿ ಕಟ್ಟಿದ್ದಾರೆ. ಗೋಡೆ ಹತ್ತಿದರೆ ಕಳಚುವುದು ಖಂಡಿತ.

ರಾತ್ರಿ ಕೆಳಗಿನ ಶಿಬಿರದ ಜಾಗದಲ್ಲಿ. ನೀರು, ಶೌಚಾಲಯ ಇವೆ.

ಇಲ್ಲಿಯೇ ಒಂದು ನಿರ್ಧಾರ ಮಾಡಿ. ಇಲ್ಲಿಂದ ತಿರುಗಿದರೆ ಬಂದ ದಾರಿಯಲ್ಲಿ ಎರಡು ದಿನಕ್ಕೆ ಕಚೋರಾ. ಮುಂದೆ ಹೋದರೆ ಯನಾಮಾದವರೆಗೆ ರಸ್ತೆ ಇಲ್ಲ. ಮಂಡಿ ಊದಿದ್ದರೆ, ಭೇದಿ ನಿಂತಿಲ್ಲದಿದ್ದರೆ ತಿರುಗುವುದು ಇಲ್ಲಿಂದಲೇ ಸುಲಭ.

ನಾಲ್ಕನೆಯ ದಿನ: ಪಿಂಚಾವುನುಯೋಕ್. ಪಟ್ಟಣದ ಮೇಲಿನ ಏಣು ದಾಟಿ ಆಚೆ ಬದಿಗೆ ಇಳಿದರೆ ನಾಲ್ಕು ಗಂಟೆಯೊಳಗೆ ಮತ್ತೊಂದು ಇಂಕಾ ತಾಣ: ಕಡಿದಾದ ಗೋಡೆಗೆ ಅಂಟಿದಂತೆ ಮೆಟ್ಟಿಲುಗದ್ದೆ, ನೀರಿನ ಹಾದಿ. ಕಂಪನಿಗಳ ಗುಂಪುಗಳು ಇಲ್ಲಿ ನಿಲ್ಲದೆ ಒಂದೇ ದಿನದಲ್ಲಿ ಮೈಸಾಲ್‌ವರೆಗೆ ಹೋಗುತ್ತವೆ. ಹಾಗೆ ಮಾಡಿದರೆ ರಿಯೋ ಬ್ಲಾಂಕೊ ತಳಕ್ಕೆ ಮುಟ್ಟುವುದು ಸರಿಯಾಗಿ ಮಧ್ಯಾಹ್ನ. ಒಂದು ದಿನ ಉಳಿಸಲು ಹೋಗಿ ಎರಡು ದಿನದ ಶಕ್ತಿ ಕಳೆದುಕೊಳ್ಳುವ ಲೆಕ್ಕ. ಇಲ್ಲೇ ಮಲಗಿ.

ಐದನೆಯ ದಿನ: ಮೈಸಾಲ್. ಬೆಳಕು ಹರಿಯುವ ಮುನ್ನ ಇಳಿಯಲು ಶುರು ಮಾಡಿ, ಏಳರ ಹೊತ್ತಿಗೆ ರಿಯೋ ಬ್ಲಾಂಕೊ (ಸುಮಾರು 1,900 ಮೀಟರ್). ಕಲ್ಲುಗುಂಡುಗಳ ನಡುವೆ ಹೊಳೆ ದಾಟುವ ಜಾಗ ಪ್ರತಿ ಮಳೆಗಾಲದ ನಂತರ ಬದಲಾಗುತ್ತದೆ, ಹೆಜ್ಜೆಗುರುತು ಮತ್ತು ಸಗಣಿ ನೋಡಿಕೊಂಡು ದಾಟಿ. ನೀರು ಮೊಣಕಾಲು ಮೀರಿದ್ದರೆ ಕಾಯಿರಿ, ಮುಂಜಾನೆ ಮಟ್ಟ ಇಳಿಯುತ್ತದೆ. ಇಲ್ಲಿ ಮೂರು ಲೀಟರ್ ತುಂಬಿಕೊಳ್ಳಿ. ಮೈಸಾಲ್ 3,000 ಮೀಟರಿನಲ್ಲಿದೆ, 1,100 ಮೀಟರ್ ಏರು, ನಡುವೆ ನೀರಿಲ್ಲ. ಮೂರೂವರೆಯಿಂದ ಐದು ಗಂಟೆ. ಮೇಲೆ ಎರಡೋ ಮೂರೋ ಮನೆ, ಹುಲ್ಲಿನ ತಾಣ, ಎದುರಿಗೆ ಹಿಮದ ಸಾಲು. ಟೆಂಟಿಗೆ ಇಡೀ ದಾರಿಯಲ್ಲೇ ಒಳ್ಳೆಯ ಜಾಗ.

ಆರನೆಯ ದಿನ: ಯನಾಮಾ. ಮೊದಲು ಮೋಡಗಾಡು, ಕಾಲಡಿ ಕೆಸರು. ಆಮೇಲೆ ಕಲ್ಲು ಹಾಸಿದ ಇಂಕಾ ಮೆಟ್ಟಿಲುದಾರಿ, ವಿಕ್ಟೋರಿಯಾ ಗಣಿಯ ಹಳೆಯ ಬಾಯಿಗಳು, ಕೊನೆಗೆ 4,100 ಮೀಟರ್ ದಾಟುವ ಸಾನ್ ಹುವಾನ್ ಪಾಸ್. ಗಣಿಯೊಳಗೆ ಇಣುಕಬೇಡಿ, ಚಾವಣಿಗೆ ಆಸರೆ ಇಲ್ಲ. ಪಾಸಿನಿಂದ ಯನಾಮಾಕ್ಕೆ (3,500) ಇಳಿಯುವ ದಾರಿಯನ್ನು ಬಂಡೆಯ ಮೈಯಲ್ಲಿ ಕೊರೆದಿದ್ದಾರೆ, ಕೆಲವೆಡೆ ಒಂದು ಹೇಸರಗತ್ತೆಯಷ್ಟೇ ಅಗಲ. ಯನಾಮಾದಲ್ಲಿ ಅಂಗಡಿ, ಹಾಸಿಗೆ, ಊಟ, ವಾಹನ ಸಿಗುತ್ತವೆ. ದಣಿದವರು ಇಲ್ಲಿಂದ ವಾಹನದಲ್ಲಿ ಹೊರಬೀಳಬಹುದು.

ಏಳನೆಯ ದಿನ: ತೊತೋರಾ. ಯನಾಮಾ ಪಾಸ್ 4,600 ಮೀಟರ್ ದಾಟುತ್ತದೆ. ಈಗ ರಸ್ತೆಯೂ ಅದೇ ಪಾಸನ್ನು ಹಾಯುತ್ತದೆ. ಹಳೆಯ ಕಾಲುದಾರಿ ಅದರ ತಿರುವುಗಳನ್ನು ಕತ್ತರಿಸಿಕೊಂಡು ಹೋಗುತ್ತದೆ, ಅದನ್ನೇ ಹಿಡಿಯಿರಿ. ಮಧ್ಯಾಹ್ನದ ಮೇಲೆ ಮೋಡ, ಗಾಳಿ, ಕೆಲವೊಮ್ಮೆ ಆಲಿಕಲ್ಲು, ಆದ್ದರಿಂದ ಹನ್ನೊಂದರೊಳಗೆ ಪಾಸಿನ ಮೇಲಿರಬೇಕು. ತಲೆನೋವು ಮಾತ್ರೆಗೂ ಬಗ್ಗದಿದ್ದರೆ, ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ, ಕೂತಲ್ಲೇ ಉಸಿರು ಕಟ್ಟಿದರೆ ತಕ್ಷಣ ಇಳಿಯಿರಿ, ಯಾವ ಬದಿ ಬೇಗ ಇಳಿಯುತ್ತದೋ ಆ ಬದಿಗೆ. ಒಟ್ಟು ಏಳರಿಂದ ಒಂಬತ್ತು ಗಂಟೆ.

ಎಂಟನೆಯ ದಿನ: ಲುಕ್ಮಬಾಂಬಾ. ಕೊಲ್ಪಪಾಂಪಾದಲ್ಲಿ ಸಾಲ್ಕಾಂತಾಯ್ ಬೆಟ್ಟದ ಕಡೆಯ ಚಾರಣದಾರಿ ಸೇರುತ್ತದೆ, ಒಮ್ಮೆಲೇ ಜನಜಂಗುಳಿ. ರಸ್ತೆ ನಡಿಗೆಗೆ ಹಟ ಬೇಡ, ತೊತೋರಾದಿಂದ ಲಾ ಪ್ಲಾಯಾವರೆಗೆ ವಾಹನ ಸಿಕ್ಕರೆ ಹತ್ತಿ. ಲುಕ್ಮಬಾಂಬಾ 2,100 ಮೀಟರಿನ ಕಾಫಿ ಊರು. ಕೊಡಗು–ಚಿಕ್ಕಮಗಳೂರಿನವರಿಗೆ ಗಿಡ ನೋಡಲು, ಬೀಜ ಹುರಿಯುವುದನ್ನು ನೋಡಲು ಒಂದು ಸಂಜೆ ಸಾಲದು.

ಒಂಬತ್ತನೆಯ ದಿನ: ಯಾಕ್ತಪಾತಾ, ಆಗ್ವಾಸ್ ಕಾಲಿಯೆಂಟೆಸ್. ಲುಕ್ಮಬಾಂಬಾದಿಂದ ಇಂಕಾ ಮೆಟ್ಟಿಲುಗಳಲ್ಲಿ ಸುಮಾರು 2,700 ಮೀಟರಿಗೆ ಏರಿ, ಆಚೆ ಇಳಿದರೆ ಯಾಕ್ತಪಾತಾ. ಬಿಂಗಮ್ 1912ರಲ್ಲಿ ದಾಖಲಿಸಿದ ಈ ತಾಣದಿಂದ ಕಣಿವೆಯ ಆಚೆ ಮಾಚು ಪಿಚು ನೇರ ಎದುರಿಗೆ ಕಾಣುತ್ತದೆ. ಬೆಳಿಗ್ಗೆ ಮಂಜು ಕವಿದಿದ್ದರೆ ಅರ್ಧ ಗಂಟೆ ಕೂತು ಕಾಯಿರಿ. ಇಲ್ಲಿಂದ ಇದ್ರೊಎಲೆಕ್ತ್ರಿಕಾ ನಿಲ್ದಾಣಕ್ಕೆ 900 ಮೀಟರ್ ಕಡಿದಾದ ಇಳಿತ, ಒದ್ದೆಯಿದ್ದರೆ ತುಂಬಾ ಜಾರು. ಆಮೇಲೆ ರೈಲುಹಳಿಯ ಪಕ್ಕ ಸುಮಾರು 10 ಕಿಲೋಮೀಟರ್ ಸಪಾಟು, ಎರಡೂವರೆ ಗಂಟೆ. ಹಳಿಯ ಮೇಲೆ ನಡೆಯಬೇಡಿ, ಕಿವಿಗೆ ಇಯರ್‌ಫೋನ್ ಬೇಡ, ಕತ್ತಲಾಗುವ ಮುನ್ನ ಮಾಚು ಪಿಚು ಬುಡದ ಊರಾದ ಆಗ್ವಾಸ್ ಕಾಲಿಯೆಂಟೆಸ್ ಸೇರಿ.

ಮಾಚು ಪಿಚು ಮತ್ತು ಮರಳುವ ದಾರಿ

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಹೋಗಬಹುದು, ಅಥವಾ ಮೆಟ್ಟಿಲು ಹತ್ತಿ ಒಂದೂವರೆ ಗಂಟೆ. ಟಿಕೆಟ್ ಕೊಂಡ ಅದೇ ಪಾಸ್‌ಪೋರ್ಟ್ ಮೂಲಪ್ರತಿ ಕೈಯಲ್ಲಿರಲಿ. ದೊಡ್ಡ ಬೆನ್ನುಚೀಲಕ್ಕೆ ಒಳಗೆ ಪ್ರವೇಶವಿಲ್ಲ, ಹೋಟೆಲಿನಲ್ಲಿ ಬಿಡಿ. ಶೌಚಾಲಯ ಗೇಟಿನ ಹೊರಗೆ ಮಾತ್ರ. ಒಮ್ಮೆ ಹೊರಬಂದರೆ ಸಾಮಾನ್ಯ ಟಿಕೆಟ್ಟಿನಲ್ಲಿ ಮತ್ತೆ ಬಿಡುವುದಿಲ್ಲ. ಸರ್ಕ್ಯೂಟ್ ಒಮ್ಮುಖ, ಹಿಂದಕ್ಕೆ ನಡೆಯಲು ಕಾವಲುಗಾರರು ಒಪ್ಪುವುದಿಲ್ಲ, ಆದ್ದರಿಂದ ಮೇಲಿನ ಕಟ್ಟೆಯಲ್ಲೇ ಫೋಟೋ ಮುಗಿಸಿಕೊಳ್ಳಿ.

ಕುಸ್ಕೊಗೆ ಎರಡು ದಾರಿ. ರೈಲಿನಲ್ಲಿ ಒಯಾಂತಾಯ್ಟಂಬೊ, ಅಲ್ಲಿಂದ ವ್ಯಾನು: ಬೇಗ, ಆದರೆ ದುಬಾರಿ, ಮುಂಗಡ ಟಿಕೆಟ್ ಬೇಕು, ಸಾಮಾನಿನ ತೂಕಕ್ಕೆ ಮಿತಿ ಇದೆ. ಇಲ್ಲವೇ ಮತ್ತೆ ಹಳಿಯ ಪಕ್ಕ ಇದ್ರೊಎಲೆಕ್ತ್ರಿಕಾವರೆಗೆ ನಡೆದು, ಮಧ್ಯಾಹ್ನದ ವ್ಯಾನಿನಲ್ಲಿ ಆರೇಳು ಗಂಟೆ. ಎರಡನೆಯದು ಅಗ್ಗ, ಘಟ್ಟದ ತಿರುವುಗಳಲ್ಲಿ ವಾಂತಿಯಾಗುವವರು ಮಾತ್ರೆ ನುಂಗಿಯೇ ಹತ್ತಲಿ.

ಪೆರುವಿನಲ್ಲಿ ತುರ್ತಿಗೆ ಪೊಲೀಸ್ 105, ಆಂಬುಲೆನ್ಸ್ 106. ಕಣಿವೆಗಳಲ್ಲಿ ಸಿಗ್ನಲ್ ಬಹುಪಾಲು ಇರುವುದಿಲ್ಲ, ನಕಾಶೆಯನ್ನು ಕುಸ್ಕೊದಲ್ಲೇ ಡೌನ್‌ಲೋಡ್ ಮಾಡಿ. ಇನ್ನು, ದಾರಿಯುದ್ದಕ್ಕೂ ಕುಡಿದ ಕೋಕಾ ಎಲೆಯ ಚಹಾ ಅಲ್ಲಿ ಸರ್ವೇಸಾಮಾನ್ಯ, ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಭಾರತದಲ್ಲಿ ಕೋಕಾ ಎಲೆ ಮಾದಕವಸ್ತು ಕಾಯ್ದೆಯ ಅಡಿ ಬರುತ್ತದೆ. ವಿಮಾನ ಹತ್ತುವ ಹಿಂದಿನ ರಾತ್ರಿ ಚೀಲದ ಎಲ್ಲ ಜೇಬುಗಳನ್ನೂ ಮಗುಚಿ ನೋಡಿ, ಒಂದು ಟೀ ಪೊಟ್ಟಣವೂ ಉಳಿದಿರಬಾರದು.